ಎತ್ತಿಕೊಡದ ಮಾತು

ಮೋರ್ಕಮ್,
ಬುಧವಾರ, 14 ನವೆಂಬರ್ 1984

ನನ್ನ ಹೆಸ್ಟರ್,

ನಿನ್ನ ಕಾಗದ ಬಂದು ಒಂಬತ್ತು ದಿನವಾಯಿತು. ಅದನ್ನು ಟೀ ಡಬ್ಬಿಯ ಕೆಳಗೆ ಇಟ್ಟಿದ್ದೇನೆ. ದಿನಕ್ಕೆ ಆರು ಸಲ ಟೀ ಕುಡಿಯುವವಳು ನಾನು, ಹಾಗಾಗಿ ಕಣ್ಣಿಗೆ ಬೀಳಲಿಲ್ಲ ಎಂದು ಹೇಳುವಂತಿಲ್ಲ. ಇಲ್ಲಿ ಸಮುದ್ರ ಬೂದಿ ಬಣ್ಣಕ್ಕೆ ತಿರುಗಿದೆ, ಮೊಣಕಾಲು ನೋವು ಇದ್ದ ಹಾಗೇ ಇದೆ, ಪಕ್ಕದ ಮನೆಯ ಮಿಸೆಸ್ ಒರಲ್ ಇನ್ನೂ ಸತ್ತಿಲ್ಲ. ಕ್ಷೇಮ ಸಮಾಚಾರ ಇಷ್ಟೇ.

ಅಪ್ಪ ಕ್ರಿಸ್‌ಮಸ್ ದಾಟುವುದು ಕಷ್ಟವಂತೆ, ಒಂದೇ ಒಂದು ಸಲ ಬಂದು ನೋಡಿ ಹೋಗು ಅಮ್ಮ, ಇಷ್ಟು ಕಲ್ಲಾಗಬೇಡ ಎಂದು ಬರೆದಿದ್ದೀಯೆ. ಕಲ್ಲು ಎನ್ನುವುದನ್ನು ಬರೆದು, ಹೊಡೆದುಹಾಕಿ, ಮೇಲೆ ಮತ್ತೆ ಬರೆದಿದ್ದೀಯೆ. ಬರೆದದ್ದೇ ಸರಿ. ನಿನಗೆ ಹನ್ನೆರಡು ವರ್ಷವಾಗಿದ್ದಾಗ ನಾನು ನಿನ್ನ ಅಪ್ಪನನ್ನು ಬಿಟ್ಟು ಬಂದೆ. ಕಾಯಿಲೆ ಬಿದ್ದ ಗಂಡ ಬೇಡವಾದ, ಹೆಸರಿದ್ದಾಗ ಬೇಕಾಗಿದ್ದ, ಎಂದು ಜನ ಆಡಿಕೊಂಡರು. ನೀನೂ ಹಾಗೇ ನಂಬಿ ಬೆಳೆದೆ. ನಾನು ತಿದ್ದಲಿಲ್ಲ, ಏಕೆಂದರೆ ನಿಜ ಅದಕ್ಕಿಂತ ಕೆಟ್ಟದಾಗಿತ್ತು.

ನಿನ್ನ ಕಾಗದದ ಎರಡನೇ ಪುಟದಲ್ಲಿ ಒಂದು ಸಾಲಿದೆ. ತಲೆ ಸ್ವಲ್ಪ ತಿಳಿಯಾಗಿರುವ ದಿನ ಅಪ್ಪ ನರ್ಸುಗಳ ಹತ್ತಿರ, 'ನನ್ನ ಹೆಂಡ್ತಿದು ಏನೂ ತಪ್ಪಿಲ್ಲ ಕಣ್ರೀ, ಪಾಪ, ಮೂರು ಸಲ ಕೊಟ್ಳು, ನನಗೇ ಕೇಳಿಸ್ಲಿಲ್ಲ' ಎನ್ನುತ್ತಾನೆ, ಏನು ಕೊಟ್ಟಿದ್ದು ಎಂದು ಯಾರಿಗೂ ಗೊತ್ತಾಗುವುದಿಲ್ಲ ಎಂದು ಬರೆದಿದ್ದೀಯೆ. ನನಗೆ ಗೊತ್ತು. ಅದನ್ನು ಹೇಳುವುದಕ್ಕೇ ಈ ಕಾಗದ. ಇದನ್ನು ಓದಿದ ಮೇಲೆ ಬಾ ಎಂದು ನೀನು ಕರೆಯಲಾರೆ.

ನಿನ್ನ ಅಪ್ಪ ಸೆಲ್ವಿನ್ ನಮ್ಮ ಮನೆಗೆ ಬಂದದ್ದು ನಲವತ್ತೊಂಬತ್ತರಲ್ಲಿ, ಒಂದು ಭಾನುವಾರ. ಬರ್ನ್‌ಲಿಯಲ್ಲಿ ನಿನ್ನ ಅಜ್ಜಿ ನಟರಿಗೆಂದೇ ಮೂರು ಕೋಣೆ ಬಾಡಿಗೆಗೆ ಇಟ್ಟಿದ್ದಳು, ನೆನಪಿದೆಯಲ್ಲ? ಗ್ರಿಮ್ಸ್‌ಬಿಯಲ್ಲಿ ಮೀನು ಸೀಳುವವನ ಮಗ, ಇಪ್ಪತ್ತೈದು ವರ್ಷ, ಒಂದು ಪೆಟ್ಟಿಗೆ, ಒಂದೇ ಕೋಟು. ಧ್ವನಿ ಮಾತ್ರ ರಾಜರದು. ನಿನ್ನ ಅಜ್ಜಿ ಮೊದಲ ದಿನವೇ, 'ಏನೇ ಇವನು, ಸಾಸೇಜ್ ತಿಂದು ಮುಗಿಸಿದ್ರೂ ಚಪ್ಪಾಳೆ ಹೊಡೀಲಿ ಅಂತ ಕಾಯ್ತಾನೆ' ಎಂದಳು. ಅವನಿಗೆ ಕೇಳಿಸಿತು. ಎದ್ದು ನಿಂತು ಬಗ್ಗಿ ವಂದನೆ ಮಾಡಿದ. ಅಜ್ಜಿ ಇನ್ನೊಂದು ಸಾಸೇಜ್ ಹಾಕಿದಳು.

ಆಗ ನಮ್ಮೂರ ಕಂಪನಿಯಲ್ಲಿ ವಾರಕ್ಕೊಂದು ಹೊಸ ನಾಟಕ. ಸಂಜೆ ಈ ವಾರದ್ದು ಆಡುತ್ತಾ, ಬೆಳಿಗ್ಗೆ ಮುಂದಿನ ವಾರದ್ದನ್ನು ಬಾಯಿಪಾಠ ಮಾಡಬೇಕು. ನಟನ ಕೈಗೆ ಇಡೀ ನಾಟಕ ಕೊಡುತ್ತಿರಲಿಲ್ಲ. ಅವನ ಮಾತು, ಅದಕ್ಕೆ ಮುಂಚಿನ ಮಾತಿನ ಬಾಲ, ಅಷ್ಟೇ. ಹಾಗಾಗಿ ಯಾರಾದರೂ ಎದುರಿಗೆ ಕೂತು ಆ ಬಾಲ ಓದಿ ಹೇಳಬೇಕಿತ್ತು. ನಾನು ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತಾ ಓದುತ್ತಿದ್ದೆ. ಒಂದೇ ವರ್ಷದಲ್ಲಿ ಅವನಿಗೆ ತಾಯಿಯಾದೆ, ಬಿಷಪ್ ಆದೆ, ನಾಲ್ಕೈದು ಸಲ ಅವನ ಕೈಲಿ ಕೊಲೆಯೂ ಆದೆ. ಒಂದು ದಿನ ಅವನು ನನ್ನ ಸಾಲಿಗೆ ಉತ್ತರವಾಗಿ, 'ನೀನು ನನ್ನ ಜೊತೆ ಬಂದ್ಬಿಡು ಎನಿಡ್, ನೀನಿಲ್ದೆ ಒಂದು ಸಾಲೂ ಬಾಯಿಗೆ ಬರಲ್ಲ' ಎಂದ. ಎಲ್ಲಿದೆಯಪ್ಪಾ ಈ ಮಾತು ಎಂದು ನಾನು ಪುಟ ತಿರುವಿ ಹುಡುಕಿದೆ. ಅಷ್ಟು ಪೆದ್ದಿ ನಾನು. ಅಷ್ಟು ಸುಖವಾಗಿದ್ದೆ.

ಮದುವೆಯಾದ ವಾರವೇ ನನ್ನನ್ನು ರಂಗದ ಪಕ್ಕದ ಮೂಲೆಯಲ್ಲಿ ಕೂರಿಸಿದರು, ಕೈಗೆ ನಾಟಕದ ಪುಸ್ತಕ ಕೊಟ್ಟರು. ಯಾರಾದರೂ ಮಾತು ಮರೆತರೆ ಪಿಸುದನಿಯಲ್ಲಿ ಎತ್ತಿಕೊಡುವುದು ನನ್ನ ಕೆಲಸ. ಸುಲಭ ಎಂದುಕೊಳ್ಳಬೇಡ. ನಟ ಬೇಕೆಂದೇ ಮಾತು ನಿಲ್ಲಿಸಿದಾಗ ನೀನು ಎತ್ತಿಕೊಟ್ಟರೆ ಅವನು ನಿನ್ನನ್ನು ಕೊಂದೇಬಿಡುತ್ತಾನೆ. ಮರೆತು ನಿಂತಾಗ ಕೊಡದಿದ್ದರೆ ನೀನು ಅವನನ್ನು ಕೊಂದಂತೆ. ಯಾವುದು ಬೇಕೆಂದು ನಿಂತದ್ದು, ಯಾವುದು ಮರೆತು ನಿಂತದ್ದು ಎಂದು ಬೆನ್ನು ನೋಡಿ ತಿಳಿಯಬೇಕು. ಸೆಲ್ವಿನ್ ಬೇಕೆಂದು ನಿಂತಾಗ ಉಸಿರು ಬಿಡುತ್ತಿದ್ದ. ಮರೆತಾಗ ಉಸಿರು ಹಿಡಿಯುತ್ತಿದ್ದ. ಕೋಟಿನ ಹಿಂಭಾಗ ಅಲುಗಾಡದೆ ನಿಂತುಬಿಡುತ್ತಿತ್ತು. ಇದು ಅವನಿಗೂ ಗೊತ್ತಿರಲಿಲ್ಲ, ನನಗೊಬ್ಬಳಿಗೇ ಗೊತ್ತಿತ್ತು.

ಆ ಮೌನಗಳೇ ಅವನಿಗೆ ಹೆಸರು ತಂದವು. ಲಂಡನ್ನಿನ ಪತ್ರಿಕೆಯವರು ಸೆಲ್ವಿನ್ ಗ್ರೀವ್ ಸುಮ್ಮನೆ ನಿಂತರೂ ಮೈ ಜುಮ್ಮೆನ್ನುತ್ತದೆ ಎಂದು ಬರೆದರು. ಅದರಲ್ಲಿ ಅರ್ಧ ಸುಮ್ಮನೆ ನಿಂತದ್ದಲ್ಲ, ಮರೆತು ನಿಂತದ್ದು, ಮಾತು ನನ್ನ ಬಾಯಿಂದ ಹೋದದ್ದು. ಆಮೇಲೆ ಸಿನಿಮಾದವರು ಬಂದರು. ಬಟ್ಟೆ ಗಿರಣಿಯ ಫೋರ್‌ಮನ್ ಆಗಿ ಅವನ ಮುಖ ಬಸ್ಸಿನಷ್ಟು ದೊಡ್ಡದಾಗಿ ಪರದೆಯ ಮೇಲೆ ಬಂತು. ನಿನ್ನ ಅಜ್ಜಿ ಅದನ್ನು ನೋಡಿ ಬಂದು, 'ಈಗ್ಲೂ ಸರಿಯಾಗಿ ಅಗಿಯಲ್ಲ' ಎಂದಳು. ಅವನು ಎಷ್ಟೇ ದೊಡ್ಡವನಾದರೂ ಪ್ರತಿ ನಾಟಕದ ಒಪ್ಪಂದದಲ್ಲಿ ಒಂದು ಮಾತು ಬರೆಸುತ್ತಿದ್ದ: ಪುಸ್ತಕ ಹಿಡಿಯುವವಳು ನನ್ನ ಹೆಂಡತಿ. ಬೇರೆ ಯಾರೂ ಕೂಡದು. ಅದು ನನಗೆ ಉಂಗುರಕ್ಕಿಂತ ದೊಡ್ಡದಾಗಿತ್ತು.

ಅರವತ್ತಮೂರರ ಮಾರ್ಚ್. ಒಂದು ಶನಿವಾರ. ನಿನ್ನನ್ನು ಅಜ್ಜಿಯ ಹತ್ತಿರ ಬಿಟ್ಟಿದ್ದೆವು. ಮಧ್ಯಾಹ್ನದ ಆಟಕ್ಕೆ ಮುಂಚೆ ನಾವೆಲ್ಲ ಉಡುಪಿನ ಕೋಣೆಯಲ್ಲಿ ಸೇರಿ ರೇಡಿಯೋ ಹಾಕಿಕೊಂಡೆವು, ಹಿಂದಿನ ದಿನ ಅವನ ಜೊತೆ ಮಾಡಿದ್ದ ಸಂದರ್ಶನ ಬರುವುದಿತ್ತು. ರೇಡಿಯೋದವನು ಕೇಳಿದ, ನಿಮ್ಮ ಪತ್ನಿಯೇ ಪುಸ್ತಕ ಹಿಡಿದು ಕೂರುತ್ತಾರಂತಲ್ಲ ಎಂದು. ನಿನ್ನ ಅಪ್ಪ ನಕ್ಕ. 'ಕೂರ್ತಾಳೆ, ಪಾಪ. ಸ್ವೆಟರ್ ಹೆಣೀತಾ ಇರ್ತಾಳೆ. ಹನ್ನೆರಡು ವರ್ಷದಲ್ಲಿ ಒಂದು ಸಲನಾದ್ರೂ ಅವಳು ನನಗೆ ಬೇಕಾಗಿದ್ರೆ ಕೇಳಿ. ಮನೇಲಿ ಒಬ್ಳೇ ಇದ್ರೆ ಬೇಜಾರು ಅಂತ ಕರ್ಕೊಂಡು ಬರ್ತೀನಿ' ಎಂದ. ಕೋಣೆಯಲ್ಲಿದ್ದ ಒಂಬತ್ತು ಜನವೂ ನಕ್ಕರು. ಉಡುಪು ನೋಡಿಕೊಳ್ಳುವ ಕ್ವೀನಿ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ, 'ಕೇಳಿದ್ಯಾ ಎನಿಡ್, ಗಂಡ ನಿನ್ನ ರಿಟೈರ್ ಮಾಡ್ಸಿಬಿಟ್ಟ' ಎಂದಳು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು.

ಅವನು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ಹೆಸ್ಟರ್. ನಟರು ಹೀಗೇ, ಎದುರಿಗಿದ್ದವರನ್ನು ನಗಿಸಲು ತಾಯಿಯನ್ನೂ ಮಾರಿಬಿಡುತ್ತಾರೆ. ಮೈಕಿನ ಮುಂದೆ ಒಂದು ಸಣ್ಣ ಜಂಬ, ಅಷ್ಟೇ. ಆದರೆ ನನ್ನ ಹೊಟ್ಟೆಯೊಳಗೆ ಕೆಂಡ ಬಿತ್ತು. ಆ ಕೆಂಡವನ್ನು ಇಟ್ಟುಕೊಂಡೇ ಹೋಗಿ ಮೂಲೆಯಲ್ಲಿ ಕೂತೆ.

ಎರಡನೇ ಅಂಕ. ಅವನು ಒಳಗೆ ಬಂದು, ಬಾಗಿಲ ಹತ್ತಿರ ಒದ್ದೆಯಾದ ಕೊಡೆಯೊಂದನ್ನು ನೋಡಿ, 'ಆ ಕೊಡೆ ಯಾರದು?' ಎಂದು ಕೇಳಬೇಕು. ಮೂರೇ ಪದ. ಬಂದ, ನೋಡಿದ, ನಿಂತ. ಜನ ಮುಂದಕ್ಕೆ ಬಾಗಿದರು. ತೊಡೆಯ ಮೇಲೆ ಟೀ ತಟ್ಟೆ ಇಟ್ಟುಕೊಂಡಿದ್ದ ಹೆಂಗಸರು ಚಮಚ ಆಡಿಸುವುದನ್ನು ನಿಲ್ಲಿಸಿದರು. ಪತ್ರಿಕೆಯವರು ಬರೆಯುತ್ತಿದ್ದ ಆ ಮೌನ ಇದೇ ಎಂದು ಅವರಿಗೆ ಸಂಭ್ರಮ. ನನಗೆ ಅವನ ಬೆನ್ನು ಕಾಣುತ್ತಿತ್ತು. ಕೋಟು ಅಲುಗಲಿಲ್ಲ.

ನನ್ನ ಬೆರಳು ಆ ಸಾಲಿನ ಮೇಲೇ ಇತ್ತು. ನಾನು ಬೇಡವಲ್ಲ ನಿನಗೆ, ಈಗ ಹೇಳು ನೋಡೋಣ, ಎಂದುಕೊಂಡೆ. ಐದು ಎಣಿಸಿ ಕೊಡೋಣ ಎಂದುಕೊಂಡೆ. ಐದಾಯಿತು. ಇನ್ನೂ ಐದು ಎಣಿಸಿದೆ. ಅವನ ಕುತ್ತಿಗೆ ಕೆಂಪಾಗುವುದು ಕಂಡಿತು. ಕೊಡಬಹುದಿತ್ತು, ಆಗಲೂ ಕೊಡಬಹುದಿತ್ತು. ಯಾರೋ ಕೆಮ್ಮಿದರು. ಎದುರಿಗಿದ್ದ ನಟಿ ಗಾಬರಿಯಿಂದ, 'ಏನೋ ಕೇಳ್ಬೇಕು ಅಂತಿದ್ರಾ?' ಎಂದಳು. ಅವನು ಅವಳಿಗೆ ತಲೆ ಬಾಗಿಸಿ, ತಿರುಗಿ, ರಂಗ ಬಿಟ್ಟು ನೇರವಾಗಿ ನನ್ನ ಹತ್ತಿರ ನಡೆದು ಬಂದ.

ಅವನು ಬೈದಿದ್ದರೆ, ಹೊಡೆದಿದ್ದರೆ, ನಾನು ಇವತ್ತು ಈ ಕಾಗದ ಬರೆಯುತ್ತಿರಲಿಲ್ಲ. ಹತ್ತಿರ ಬಂದವನು, 'ಕ್ಷಮಿಸು ಎನಿಡ್. ನೀನು ಕೊಟ್ಟಿರ್ತೀಯ. ನನಗೆ ಕೇಳಿಸ್ಲೇ ಇಲ್ಲ' ಎಂದ. ಹಣೆಯ ಬಣ್ಣ ಇಳಿಯುತ್ತಿತ್ತು. ಸುತ್ತ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನಾನು, 'ಮೂರು ಸಲ ಕೊಟ್ಟೆ ಸೆಲ್ವಿನ್' ಎಂದೆ.

ಮಾತು ಕೊಡದೆ ಇದ್ದದ್ದು ಸಿಟ್ಟು. ಸಿಟ್ಟಿಗೆ ಎಲ್ಲಾದರೂ ಕ್ಷಮೆ ಸಿಗಬಹುದು. ಆದರೆ ಈ ಸುಳ್ಳು ಹೇಳಿದಾಗ ಸಿಟ್ಟು ಆರಿಹೋಗಿತ್ತು. ಮಾನ ಉಳಿಸಿಕೊಳ್ಳುವುದಷ್ಟೇ ನನಗೆ ಬೇಕಾಗಿತ್ತು.

ಮುಂದಿನದು ನಿನಗೆ ಗೊತ್ತಿದೆ, ಕಾರಣ ಮಾತ್ರ ಗೊತ್ತಿರಲಿಲ್ಲ. ಒಂದು ಸಾಲು ಮರೆಯುವುದು ನಟನಿಗೆ ಜ್ವರ ಬಂದಷ್ಟು ಸಾಮಾನ್ಯ, ಸೋಮವಾರ ಎದ್ದು ಹೋಗುತ್ತಿದ್ದ. ಹೆಂಡತಿ ನಾಲ್ಕು ಮಾರು ದೂರದಿಂದ ಮೂರು ಸಲ ಹೇಳಿದರೂ ಕೇಳಿಸದೆ ಹೋಯಿತು ಎಂದರೆ ತಲೆಯೇ ಕೆಟ್ಟಿದೆ ಎಂದರ್ಥ. ಕಿವಿಯ ಡಾಕ್ಟರು, ಮಿದುಳಿನ ಡಾಕ್ಟರು, ಮನಸ್ಸಿನ ಡಾಕ್ಟರು ಎಲ್ಲರೂ ನೋಡಿದರು. ಏನೂ ಇಲ್ಲ ಎಂದರು. ಏನೂ ಸಿಗದಿದ್ದರೆ ಅದು ಇನ್ನೂ ಆಳದಲ್ಲಿರಬೇಕು ಎಂದು ಅವನು ಹೆದರಿದ. ಪ್ರತಿ ಡಾಕ್ಟರ ಬಾಗಿಲ ಹೊರಗೆ ಅವನ ಟೋಪಿ ಹಿಡಿದು ಕೂತಿದ್ದವಳು ನಾನು. ಅವನು ಮತ್ತೆ ರಂಗ ಹತ್ತಲಿಲ್ಲ. ಸಿನಿಮಾದಲ್ಲಿ ಚೂರುಚೂರು ಸಿಕ್ಕಿತು, ನ್ಯಾಯಾಧೀಶ, ಪಾದ್ರಿ, ಆಮೇಲೆ ಹೆಣ. 'ಹೆಣದ ಪಾತ್ರ ಪರವಾಗಿಲ್ಲ ಎನಿಡ್, ಮಾತಿಲ್ಲ' ಎಂದು ನಗುತ್ತಾ ಬಂದು ಹೇಳಿದ ದಿನ ನಾನು ಬಚ್ಚಲಿಗೆ ಹೋಗಿ ಟವೆಲ್ ಕಚ್ಚಿಕೊಂಡು ಅತ್ತೆ.

ಎರಡು ವರ್ಷ ದಿನಾ ಬೆಳಿಗ್ಗೆ ಅವನ ಎದುರು ಕೂತು ಮೊಟ್ಟೆ ತಿಂದೆ. ಇವತ್ತು ಹೇಳುತ್ತೇನೆ, ಇವತ್ತು ಹೇಳುತ್ತೇನೆ ಎಂದುಕೊಂಡೇ ತಿಂದೆ. ಬಂದವರಿಗೆಲ್ಲ ಅವನು, ನನ್ನ ಹೆಂಡತಿ ಕೈಲಾದದ್ದೆಲ್ಲ ಮಾಡಿದಳು ಎನ್ನುತ್ತಿದ್ದ, ನನ್ನ ಕೈ ಹಿಡಿದುಕೊಂಡು. ಅವನ ಆ ಒಳ್ಳೆಯತನವನ್ನು ತಾಳಲಾರದೆ ಓಡಿಬಂದೆ. ನಿನ್ನನ್ನೂ ಕರೆದುಕೊಂಡು ಬಂದೆ, ಅವನಿಗೆ ಉಳಿದಿದ್ದ ಒಂದನ್ನೂ ಕಿತ್ತುಕೊಂಡು.

ಈಗ ಹೇಳು, ಯಾವ ಮುಖ ಹೊತ್ತು ಅಲ್ಲಿಗೆ ಬರಲಿ? ಹತ್ತೊಂಬತ್ತು ವರ್ಷದಿಂದ ಅವನ ಮುಖ ನೋಡಿಲ್ಲ, ಇನ್ನು ನೋಡುವುದೂ ಇಲ್ಲ. ನಿನಗೆ ಹೇಳಬೇಕೆನಿಸಿದರೆ ನೀನೇ ಅವನಿಗೆ ಹೇಳು. ತಲೆ ತಿಳಿಯಾಗಿರುವ ದಿನ ನೋಡಿ ಹೇಳು. ನಿನ್ನ ಕಿವಿ ಸರಿಯಾಗಿತ್ತು ಅಪ್ಪ, ತಲೆಯೂ ಸರಿಯಾಗಿತ್ತು, ಎಂದು ಅಷ್ಟಾದರೂ ಹೇಳು. ನನ್ನ ಮೇಲೆ ಕರುಣೆ ತೋರಿಸಬೇಡ. ಈ ಕಾಗದಕ್ಕೆ ಉತ್ತರ ಬರದಿದ್ದರೆ ನಾನು ಆಶ್ಚರ್ಯ ಪಡುವುದಿಲ್ಲ.

ಚಳಿ ಜಾಸ್ತಿ, ಎದೆ ಮುಚ್ಚಿಕೊಂಡು ಓಡಾಡು.

ನಿನ್ನ ಅಮ್ಮ,
ಎನಿಡ್

ಮರೆತ ಮಾತು: ಲಕೋಟೆ ಅಂಟಿಸಿ, ಮತ್ತೆ ಹರಿದಿದ್ದೇನೆ. ಅವನನ್ನು ನೋಡಿಲ್ಲ ಎಂದು ಮೇಲೆ ಬರೆದದ್ದು ಸುಳ್ಳು. ನಿನ್ನ ಕಾಗದ ಬಂದ ಮೂರನೇ ದಿನ, ಗುರುವಾರ, ರೈಲು ಹತ್ತಿ ಹೋಗಿದ್ದೆ. ನಿನಗೆ ಹೇಳಬೇಡಿ ಎಂದು ಅಲ್ಲಿನ ನರ್ಸುಗಳನ್ನು ಬೇಡಿಕೊಂಡೆ. ಕಿಟಕಿಯ ಹತ್ತಿರ ಕುರ್ಚಿಯಲ್ಲಿ ಕೂತಿದ್ದ, ಇಷ್ಟೇ ಇಷ್ಟಾಗಿದ್ದಾನೆ. ನನ್ನ ಗುರುತು ಹತ್ತಲಿಲ್ಲ. ನಾನು ಎದುರಿಗೆ ಕೂತು ಎಲ್ಲವನ್ನೂ ಹೇಳಿದೆ, ಇಲ್ಲಿ ಬರೆದಷ್ಟನ್ನೂ. ಮೈಯೆಲ್ಲ ಕಿವಿಯಾಗಿ ಕೇಳಿದ. ಮುಗಿಸಿದೆ. ಆಮೇಲೆ ಅವನು ತುಟಿ ಅಲುಗಿಸದೆ, ನಾಟಕದ ಅಭ್ಯಾಸದಲ್ಲಿ ಕೇಳುತ್ತಿದ್ದ ಹಾಗೆ, 'ಈಗ ನನ್ನ ಮಾತು ಅಲ್ವಾ? ಎತ್ತಿಕೊಡು' ಎಂದ. ಪಾಠ ಒಪ್ಪಿಸುತ್ತಿದ್ದೇವೆ ಎಂದುಕೊಂಡಿದ್ದ.

ನಾನು ಎತ್ತಿಕೊಟ್ಟೆ. 'ಹೋಗ್ಲಿ ಬಿಡು ಎನಿಡ್, ಅದೆಲ್ಲ ಯಾವತ್ತೋ ಕ್ಷಮಿಸ್ಬಿಟ್ಟೆ' ಎಂದು. ಅವನು ಅದನ್ನು ಹೇಳಿದ, ಹೆಸ್ಟರ್. ಆ ಹಳೆಯ ಧ್ವನಿಯಲ್ಲಿ, ನನ್ನ ಕಣ್ಣನ್ನೇ ನೋಡುತ್ತಾ ಹೇಳಿದ. ಟೀ ತಂದ ಹುಡುಗಿ ಬಾಗಿಲಲ್ಲೇ ನಿಂತು ಕಣ್ಣೊರೆಸಿಕೊಂಡಳು. 'ಸರಿಯಾಗಿ ಬಂತಾ?' ಎಂದು ನನ್ನನ್ನು ಕೇಳಿದ. ಇಲ್ಲ, ಇನ್ನೊಂದು ಸಲ ಹೇಳು ಎಂದೆ. ಹೊರಡುವ ಹೊತ್ತಿಗೆ ನಾಲ್ಕು ಸಲ ಹೇಳಿಸಿಕೊಂಡಿದ್ದೆ.