ಉಪ್ಪು ನೋಡುವ ನಾಲಿಗೆ

ಮಾರ್ಚ್ ೧೪, ಭಾನುವಾರ

ಪ್ರೀತಿಯ ಅಕ್ಕನಿಗೆ ನಮಸ್ಕಾರ.

ನಿನ್ನ ಎರಡು ಪತ್ರಗಳಿಗೂ ಉತ್ತರಿಸದೆ ಕುಳಿತದ್ದಕ್ಕೆ ಕ್ಷಮೆಯಿರಲಿ. ಎರಡನೆಯದರಲ್ಲಿ ನೀನು, "ಅವಳು ಹೇಗಿದ್ದಾಳೆ ಅಂತ ಬರಿಯೋ, ನಿನ್ನ ಮೈಕ್ರೋಸ್ಕೋಪಿನ ಪುರಾಣ ಬೇಡ" ಎಂದು ಗದರಿದ್ದೆ. ಆದರೆ ಈ ಸಲ ಆ ಪುರಾಣವನ್ನು ಬಿಟ್ಟು ನನ್ನ ಹೆಂಡತಿಯ ವಿಷಯ ಹೇಳುವುದು ಸಾಧ್ಯವಿಲ್ಲ.

ಗಂಟಲಿನ ಗಡ್ಡೆಗೆ ಕೊಡುತ್ತಿದ್ದ ವಿಕಿರಣ ಚಿಕಿತ್ಸೆ ಮುಗಿದಿದೆ. ಗಡ್ಡೆ ಕರಗಿದೆ, ವೈದ್ಯರಿಗೆ ಸಮಾಧಾನವಿದೆ. ಆದರೆ ಅವಳಿಗೆ ರುಚಿಯೇ ತಿಳಿಯುತ್ತಿಲ್ಲ. ನಾಲಿಗೆಯ ಮೇಲೆ ಚುಕ್ಕೆಗಳಂತೆ ಕಾಣುವ ಸಣ್ಣ ಮೊನೆಗಳಿರುತ್ತವಲ್ಲ, ರುಚಿ ಹಿಡಿಯುವ ಮೊಗ್ಗುಗಳಿರುವುದು ಅವುಗಳಲ್ಲಿ. ಅವಳಲ್ಲಿ ಅವು ಸವೆದು ನುಣುಪಾಗಿವೆ. ಕೆಲವು ತಿಂಗಳಲ್ಲಿ ಮರಳಬಹುದು, ಎಷ್ಟರ ಮಟ್ಟಿಗೆ ಎಂದು ಹೇಳಲಾಗದು ಎಂದರು. "ಒದ್ದೆ ಕಾಗದ ಅಗಿದ ಹಾಗಿದೆ ರೀ" ಎನ್ನುತ್ತಾಳೆ. ಆದರೂ ಅಡುಗೆಮನೆಯನ್ನು ಬಿಟ್ಟುಕೊಟ್ಟಿಲ್ಲ.

ಅವಳಿಗೆ ಧೈರ್ಯ ಹೇಳಬೇಕೆನಿಸಿತು. ನನಗೆ ಮಾತು ಬಾರದೆಂಬುದು ನಿನಗೆ ಗೊತ್ತು. ಹಾಗಾಗಿ ಕಾಲೇಜಿನ ನನ್ನ ಪ್ರಯೋಗಾಲಯಕ್ಕೆ ಕರೆದೊಯ್ದೆ. ವಿದ್ಯಾರ್ಥಿಗಳಿಗಾಗಿ ನಾನೇ ತೆಳುವಾಗಿ ಕೊಯ್ದು, ಬಣ್ಣ ಹಾಕಿಟ್ಟ ಸ್ಲೈಡುಗಳನ್ನು ಒಂದೊಂದಾಗಿ ಮಸೂರದಡಿ ಇಟ್ಟೆ. ಗುಲಾಬಿ ಎಸಳಿನ ಮೇಲೆ ಒತ್ತಾಗಿ ನಿಂತ ಶಂಕುಗಳು. ಎಸಳು ಬೆರಳಿಗೆ ಮಖಮಲ್ಲೆನಿಸುವುದು ಅವುಗಳಿಂದಲೇ. ಬೆಕ್ಕಿನ ನಾಲಿಗೆಯಲ್ಲಿ ಹಿಂದಕ್ಕೆ ಬಾಗಿದ ಕೊಕ್ಕೆಗಳು. ಕೊನೆಗೆ ಮನುಷ್ಯನ ನಾಲಿಗೆ. ಜೀವವಿರುವ ಕಡೆಯೆಲ್ಲ ಮೈ ಹೀಗೆ ಉಬ್ಬಿಕೊಂಡು ಹೊರಗಿನದನ್ನು ಮುಟ್ಟಲು ಹೊರಡುತ್ತದೆ, ನಿನ್ನದೂ ಮತ್ತೆ ಚಿಗುರೀತು ಎಂಬುದು ನಾನು ಆಡಬೇಕೆಂದಿದ್ದ ಮಾತು. ಆಡಿದ್ದು ಇಷ್ಟೇ: "ಇದು ನಲವತ್ತು ಪಟ್ಟು ದೊಡ್ಡದಾಗಿ ಕಾಣ್ತಿದೆ."

ಅವಳು ಬಹಳ ಹೊತ್ತು ನೋಡಿದಳು. ಬಳಿಕ ಕಣ್ಣು ತೆಗೆಯದೆಯೇ, "ಹೂವಿಗಿದೆ, ಬೆಕ್ಕಿಗಿದೆ, ಯಾರೋ ಸತ್ತವರಿಗೂ ಇದೆ. ನನಗೊಬ್ಬಳಿಗೆ ಇಲ್ಲ ಅಂತ ತೋರಿಸೋಕೆ ಇಷ್ಟು ದೂರ ಕರ್ಕೊಂಡು ಬಂದ್ರಾ?" ಎಂದಳು.

ನಾನು ದೀಪ ಆರಿಸಿದೆ. ಉತ್ತರ ಹೊಳೆದದ್ದು ಬಸ್ಸಿನಲ್ಲಿ. ಅಷ್ಟರಲ್ಲಿ ಅವಳು ಕಿಟಕಿಗೆ ತಲೆಯಾನಿಸಿ ನಿದ್ದೆಹೋಗಿದ್ದಳು.

ಉಪ್ಪು ನೋಡಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಸೌಟು ಚಾಚಿ "ಹೇಗಿದೆ?" ಎನ್ನುವಳು. "ಸರಿಯಿದೆ" ಎನ್ನುವೆ. ಮದುವೆಯಾದಂದಿನಿಂದ ನನ್ನದು ಅದೊಂದೇ ಉತ್ತರ. "ಕಲ್ಲು ಬೇಯಿಸಿ ಬಡಿಸಿದ್ರೂ ಸರಿಯಿದೆ ಅನ್ನೋರು ನೀವು" ಎಂದು ಮೊದಲೆಲ್ಲ ನಗುತ್ತಿದ್ದಳು. ಈಗ ಅದೇ ಮಾತು ಕೇಳಿದರೆ ನನ್ನ ಮುಖವನ್ನೇ ದಿಟ್ಟಿಸುತ್ತಾಳೆ. ಬಾಯಿ ಸುಡುವಷ್ಟು ಉಪ್ಪಾದಾಗಲೂ ಆ ಮುಖ ನೋಡಿ ಬೇರೇನೂ ಹೇಳಲಾಗಲಿಲ್ಲ ನನಗೆ.

ಭಾವನವರಿಗೆ ನಮಸ್ಕಾರ. ಮಕ್ಕಳು ಆರೋಗ್ಯವಾಗಿ, ಹೊಟ್ಟೆತುಂಬ ಉಂಡು, ಬಾಯಿತುಂಬ ಮಾತಾಡಿಕೊಂಡು ಬೆಳೆಯಲಿ, ಸೋದರಮಾವನನ್ನು ಹೋಲದಿರಲಿ.

ನಿನ್ನ ತಮ್ಮ,
ಗುಮ್ಮನಗುಸುಕ

ತಾ.ಕ.: ಮೊನ್ನೆ ಒಲೆಯ ಬಳಿ ಎಂದಿನಂತೆ ಕೈಚಾಚಿ ನಿಂತಿದ್ದೆ. ಅವಳು ನನ್ನ ಪಕ್ಕದಿಂದ ಸರಿದು, ಸೌಟಿನ ಕೆಳಗೆ ಅಂಗೈ ಹಿಡಿದು, ಬೀದಿ ದಾಟಿ ಎದುರು ಮನೆಯ ಹೊಲಿಗೆಯವಳ ಬಳಿಗೆ ಹೋದಳು. "ಅಯ್ಯೋ ಅಕ್ಕಾ, ಉಪ್ಪಿನ ಡಬ್ಬಾನೇ ಮಗುಚಿಬಿಟ್ರಾ?" ಎಂದು ಆಕೆ ಕೂಗಿದ್ದು ಕೇಳಿಸಿತು. ಇಬ್ಬರೂ ನಕ್ಕರು. ಚಿಕಿತ್ಸೆ ಶುರುವಾದ ಮೇಲೆ ಇವಳು ನಕ್ಕದ್ದು ಅದೇ ಮೊದಲು. ಈಗ ದಿನವೂ ಅಲ್ಲಿಗೇ ಹೋಗುತ್ತಾಳೆ. ಸೌಟಿನದು ಚೆಲ್ಲಬಾರದಲ್ಲ, ನಾನು ಬಾಗಿಲು ತೆರೆದು ಹಿಡಿಯುತ್ತೇನೆ.