ಹುಳದ ಮನೆಯ ಬೋರ್ಡುಗಳು

ಅಪ್ಪಾ,

ನನ್ನ ಕಾಗುಣಿತ ನೋಡಿ ನೀನು ಯಾವಾಗಲೂ ನಗುತ್ತಿದ್ದೆ. ಇವತ್ತು ನಗದೆ ಪೂರ್ತಿ ಓದು.

ಚನ್ನಪಟ್ಟಣದ ನಿನ್ನ ಟಿವಿ ರಿಪೇರಿ ಅಂಗಡಿ ಮುಚ್ಚಿದ ದಿನ ನೀನು ಗುಜರಿಯನ್ನೆಲ್ಲ ಆಟೋದಲ್ಲಿ ನಮ್ಮೂರು ಹೊಂಗನೂರಿಗೆ ತಂದು, ಅಮ್ಮ ರೇಷ್ಮೆಹುಳು ಸಾಕುತ್ತಿದ್ದ ಮನೆಯ ಅರ್ಧಕ್ಕೆ ತುಂಬಿದೆ. ಬೆಲೆಬಾಳುವ ಮೊಬೈಲ್ ಬೋರ್ಡುಗಳನ್ನು ಆಗಲೇ ಮಾರಿದ್ದೆ. ಉಳಿದದ್ದು ಯಾರೂ ಮೂಸದ ಮಾಲು, ಟಿವಿ ಮತ್ತು ರಿಮೋಟುಗಳ ಕಂದು ಬೋರ್ಡುಗಳು. "ಇದ್ರಲ್ಲೂ ಚಿನ್ನ ಐತೆ ಕಣವ್ವ. ಒಂಚೂರು, ಒಸಿ ಐತೆ, ಈಗ ತಗ್ಯಕ್ಕೆ ಗಿಟ್ಟಾಕಿಲ್ಲ. ಮುಂದೆ ಮೆಷಿನ್ ಬತ್ತದೆ, ಕಾಯ್ಬೇಕು" ಎಂದೆ.

ಅದೇ ವರ್ಷ, ಹುಳುಗಳು ಗೂಡು ಕಟ್ಟಲು ಇನ್ನು ನಾಲ್ಕು ದಿನವಿದ್ದಾಗ, ಅಲ್ಲೇ ಕೂತು ಬೋರ್ಡುಗಳ ಬೆಸುಗೆ ಕರಗಿಸಿದೆ. "ಹುಳಕ್ಕೆ ಹೊಗೆ ಆಗಾಕಿಲ್ಲ, ಈಚೆಗ್ ಬನ್ನಿ" ಎಂದು ಅಮ್ಮ ಕೂಗಿದಳು. ಎದ್ದೆಯಾ? ಹುಳುಗಳು ಸೊಪ್ಪು ಮುಟ್ಟದೆ ಸತ್ತವು. ಅವನ್ನು ಬುಟ್ಟಿಯಲ್ಲಿ ತಿಪ್ಪೆಗೆ ಹೊತ್ತವಳಿಗೆ ನೀನು ಹೇಳಿದ್ದು, "ಹುಳ ಇನ್ನೊಂದ್ ಬೆಳೆ ಬತ್ತವೆ ಕಣೇ, ಈ ಮಾಲು ಸಿಕ್ಕಾಕಿಲ್ಲ." ಆಮೇಲೆ ಉಳಿದರ್ಧವನ್ನೂ ತುಂಬಿದೆ. ಹನ್ನೊಂದು ವರ್ಷ ಅವಳು ಆ ಮನೆ ಕೇಳುತ್ತಲೇ ಇದ್ದಳು.

ಹೋದ ಬೇಸಿಗೆಯಲ್ಲಿ ನಾಲ್ಕು ಬೋರ್ಡು ಚೀಲಕ್ಕೆ ಹಾಕಿಕೊಂಡು, ನಾನು ಕೆಮಿಸ್ಟ್ರಿ ಪಾಠ ಮಾಡುವ ರಾಮನಗರದ ಕಾಲೇಜಿಗೆ ಬಸ್ಸಿನಲ್ಲಿ ಬಂದೆಯಲ್ಲ. "ನಿನ್ ಲ್ಯಾಬಲ್ಲಿ ಒಂದ್ಸಲ ನೋಡವ್ವ" ಎಂದೆ. ನೀನು ಬರುವ ಮೊದಲೇ ಅಮ್ಮ ನನಗೆ ಫೋನು ಮಾಡಿದ್ದಳು. "ಇಲ್ಲ ಅಂದ್ಬುಡು ಮಗ. ನೀನು ಓದಿರೋಳು, ನೀನಂದ್ರೆ ನಂಬ್ತದೆ ನಿಮ್ಮಪ್ಪ."

ನಾನು ಪರೀಕ್ಷೆ ಮಾಡಿದೆ. ಭಾನುವಾರ ಊರಿಗೆ ಬಂದು, ಚಿನ್ನ ಇಲ್ವೇ ಇಲ್ಲ ಎಂದೆ.

"ಒಸಿನೂ?"

"ಒಸಿನೂ ಇಲ್ಲ."

ಇಂಗ್ಲಿಷಿನಲ್ಲಿ ಟೈಪಾಗಿದ್ದ ಹಾಳೆಯೊಂದನ್ನು ರಿಪೋರ್ಟು ಎಂದು ನಿನ್ನ ಕೈಗಿಟ್ಟೆ. ಅದು ನನ್ನ ವಿದ್ಯಾರ್ಥಿಗಳು ಲ್ಯಾಬಿನಲ್ಲಿ ಪಾಲಿಸಬೇಕಾದ ನಿಯಮಗಳ ಪಟ್ಟಿ. ಇಂಗ್ಲಿಷ್ ಬಾರದ ನೀನು ಅದನ್ನು ಕನ್ನಡಕ ಹಾಕಿ ಸಾಲುಸಾಲಾಗಿ ನೋಡಿ, ಮಡಚಿ ಜೇಬಿಗಿಟ್ಟುಕೊಂಡೆ. ಬಾಯಿಮಾತೇ ಸಾಕಾಗಿತ್ತು. ಹಾಳೆ ಯಾಕೆ ಕೊಟ್ಟೆನೋ? ನಾನು ಕಲಿತ ಆ ಇಂಗ್ಲಿಷಿಗೆ ಫೀಸು ಕಟ್ಟಿದವನು ನೀನೇ ಅಲ್ಲವೆ...

ಮರುದಿನ ಗುಜರಿ ತಗೊಂಡು ಪ್ಲಾಸ್ಟಿಕ್ ಸಾಮಾನು ಕೊಡುವವನನ್ನು ನೀನೇ ಕೂಗಿ ಕರೆದೆ.

"ಏನ್ ಕೊಟ್ಟೀಯ್ಲಾ?"

"ಎಲ್ಲಾ ಸೇರಿ ಎಲ್ಡು ಬಕೆಟ್ಟು. ಇದ್ಯಾಕಣ್ಣೋ, ಮರಿ ಆಯ್ತದೆ ಅಂತ ಕಾವು ಕೊಡ್ತಿದ್ದಾ?"

ಅವನು ನಕ್ಕ. ಬಾಗಿಲಲ್ಲಿ ನಿಂತಿದ್ದ ನಾನೂ ನಕ್ಕೆ. ನೀನು ಚೌಕಾಸಿ ಮಾಡಲಿಲ್ಲ. ಮಳೆಗಾಲ ಮುಗಿಯುವ ಮೊದಲೇ ತೀರಿಹೋದೆ. ಡಾಕ್ಟರು ಹೃದಯ ಎಂದರು. ನನಗೆ ಮಾತ್ರ ಆ ಹಾಳೆಯೇ ಅನ್ನಿಸಿ...

ಈಗ ಕೇಳು. ಇತ್ತು, ಅಪ್ಪ. ನೀನು ಹೇಳಿದಷ್ಟೇ, ಒಸಿ. ನಾನು ಹಾಗಂದಿದ್ದರೆ ನೀನು ಇನ್ನೂ ಹತ್ತು ವರ್ಷ ಕಾಯುತ್ತಿದ್ದೆ. ಅಮ್ಮನಿಗೆ ಅಷ್ಟು ವರ್ಷ ಎಲ್ಲಿದೆ? ನಿಜವಾಗಿ ಇತ್ತೇ ಎಂದು ಅವಳು ಇವತ್ತಿಗೂ ಕೇಳಿಲ್ಲ.

ಮೊನ್ನೆ ನಾನೂ ಅಮ್ಮನೂ ರಾಮನಗರದ ಮಾರುಕಟ್ಟೆಗೆ ಗೂಡು ತಂದೆವು. ಹನ್ನೆರಡು ವರ್ಷಕ್ಕೆ ಅವಳ ಮೊದಲ ಬೆಳೆ. ಕೊಳ್ಳುವವನೊಬ್ಬ ಗೂಡನ್ನು ಕಿವಿಯ ಹತ್ತಿರ ಅಲುಗಾಡಿಸಿ ಒಳಗಿನ ಸದ್ದು ಕೇಳಿ, "ಭೇಷಾಗೈತೆ ಕಣಜ್ಜಿ" ಎಂದ. ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು.

ನಿನ್ನ ಕ್ಷಮೆ ಕೇಳಲೆಂದೇ ಬರೆಯಲು ಕೂತಿದ್ದೆ. ಕೇಳುವುದಿಲ್ಲ. ನೀನು ಎದ್ದು ಬಂದು ಇನ್ನೊಮ್ಮೆ ಕೇಳಿದರೂ, ಇಲ್ವೇ ಇಲ್ಲ ಅಂತಲೇ ಹೇಳುತ್ತೇನೆ.

ನಿನ್ನ ಮಗಳು