ಸೈಡ್‌ಬಾಟಮ್ ಎಂಬ ಮನೆತನದ ಹೆಸರು

ಲೀಡ್ಸ್,
೪ ಮಾರ್ಚ್ ೧೯೫೭

ಅಪ್ಪನಿಗೆ,

ಐದು ವರ್ಷದ ಮೇಲೆ ಬಂದ ಕಾಗದವೆಂದು ಹರಿದು ಹಾಕಬೇಡಿ, ಪೂರ್ತಿ ಓದಿ.

ಸೈಡ್‌ಬಾಟಮ್ ಬಿಟ್ಟು ನಾನು ಸಿಡ್ಲಿ ಎಂದು ಹೆಸರು ಬದಲಿಸಿಕೊಂಡಾಗ, "ಹೊಸ ಹೆಸರು ನೀನೇ ಇಟ್ಕೊ" ಎಂದು ನೀವು ಮಾತು ಬಿಟ್ಟಿರಿ. ಬ್ಯಾಂಕಿನಲ್ಲಿ ಜೊತೆಯ ಗುಮಾಸ್ತರು ಬಾಟಮ್ ಎಂದರೆ ಕುಂಡೆ ಎಂದೇ ಹಿಡಿದು ದಿನಾ ಬೆಳಿಗ್ಗೆ, "ಏನಪ್ಪಾ, ಕುಂಡೆ ಇವತ್ತು ಯಾವ ಕಡೆ ವಾಲಿದೆ?" ಎಂದು ಕೇಳುತ್ತಿದ್ದುದನ್ನು ನಿಮಗೆ ಹೇಳಲು ನನಗೆ ನಾಚಿಕೆಯಾಗಿತ್ತು.

ಕಳೆದ ವಾರ ಮ್ಯೂರಿಯಲ್‌ಳ ಶಾಲೆಯಲ್ಲಿ ಮಕ್ಕಳು ಮನೆತನದ ಹೆಸರಿನ ಅರ್ಥ ಹೇಳಬೇಕಿತ್ತು. ಸ್ಮಿತ್ ಎಂದರೆ ಕಮ್ಮಾರ ಎಂದು ನಾಲ್ಕು ಮಕ್ಕಳು ಹೇಳಿದರಂತೆ. ನಿಮ್ಮ ಮೊಮ್ಮಗಳು ಎದ್ದು, "ನಮ್ಮದಕ್ಕೆ ಅರ್ಥ ಇಲ್ಲ ಮಿಸ್, ನಮ್ಮಪ್ಪ ಕೂತ್ಕೊಂಡು ಮಾಡಿದ್ದು" ಎಂದಳಂತೆ.

ಅಂದೇ ಅವಳಿಗೆ ಹಳೆಯ ಹೆಸರು ಹೇಳಿದೆ. ಬಿದ್ದು ಬಿದ್ದು ನಕ್ಕಳು. ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ಅಗಲವಾದ ಕಣಿವೆ ಎಂದರ್ಥ, ಚೆಷೈರಿನ ಅಂಥದೊಂದು ಕಣಿವೆಯವರು ನಾವು ಎಂದು ನೀವು ಹೇಳುತ್ತಿದ್ದುದನ್ನೇ ಹೇಳಿದೆ.

"ಇಷ್ಟು ಚೆನ್ನಾಗಿರೋದನ್ನ ಯಾಕಪ್ಪಾ ಬಿಟ್ಟೆ?"

"ಜನ ನಗ್ತಾರಮ್ಮ."

"ನಾನೂ ನಕ್ಕೆನಲ್ಲ, ಆಮೇಲೆ ಸುಮ್ಮನಾದೆ."

ಹಳೆಯ ಹೆಸರನ್ನೇ ಮತ್ತೆ ಪಡೆಯಲು ಕಾಗದಪತ್ರ ಸಿದ್ಧವಾಗಿದೆ. ನನ್ನನ್ನು ಹತ್ತು ವರ್ಷದಿಂದ ಬಲ್ಲ ಗೃಹಸ್ಥರೊಬ್ಬರು ಸಾಕ್ಷಿಯಾಗಿ ಸಹಿ ಹಾಕಬೇಕಂತೆ. ಯಾರಾದರೂ ಆದೀತು ಎಂದರು ವಕೀಲರು. ನನಗೆ ನೀವೇ ಆಗಬೇಕು.

ಶನಿವಾರ ಹನ್ನೊಂದರ ರೈಲಿಗೆ ಮ್ಯೂರಿಯಲ್‌ಳೊಂದಿಗೆ ಸ್ಟಾಕ್‌ಪೋರ್ಟಿಗೆ ಬರುತ್ತೇನೆ. ನನ್ನ ಮುಖ ನೋಡಲು ಮನಸ್ಸಿಲ್ಲದಿದ್ದರೆ ನಾನು ಬೀದಿಯಲ್ಲೇ ನಿಂತಿರುತ್ತೇನೆ, ಸಹಿಯ ಕಾಗದವನ್ನು ಅವಳೇ ಒಳಗೆ ತರುತ್ತಾಳೆ. ಅವಳಿಗೆ ಕೆಮ್ಮು ಇದೆ, ಬೆಂಕಿಯ ಹತ್ತಿರ ಕೂರಿಸಿಕೊಳ್ಳಿ.

ಇತಿ,
ಸಿರಿಲ್